ಬೂದಿಗೆರೆಯ ಕುಂಕುಮ

ಕಣ್ಣು ತೆರೆದು ಹೇಳಲಾಗದ ಮಾತನ್ನು ಕಣ್ಣು ಮುಚ್ಚಿ ಹೇಳುವುದಕ್ಕೆ ನಮ್ಮ ಸಭೆಯಲ್ಲಿ ಪ್ರಾರ್ಥನೆ ಎಂದು ಹೆಸರು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಭಕ್ತಿಯಿಲ್ಲದವಳು ಹೀಗೆ ಬರೆದಳು ಎಂದುಕೊಳ್ಳುವವರು ಅಂದುಕೊಳ್ಳಲಿ. ಹುಟ್ಟಿದಾಗಿನಿಂದ ಇದೇ ಸಭೆಯ ಚಾಪೆಯ ಮೇಲೆ ಕೂತು ಬೆಳೆದವಳು ನಾನು, ನನಗೂ ಮಾತಾಡುವ ಹಕ್ಕಿದೆ.

ನಾವಿರುವುದು ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ. ಒಂದು ಕಡೆ ರೇಷ್ಮೆಗೂಡು ಬೇಯಿಸುವ ವಾಸನೆ, ಇನ್ನೊಂದು ಕಡೆ ನೂಲು ಹುರಿ ಮಾಡುವ ಮಿಷನ್ನುಗಳ ಸದ್ದು, ನಡುವೆ ನಮ್ಮ ಪುಟ್ಟ ಕ್ರೈಸ್ತ ಸಭೆ. ಭಾನುವಾರ ಆರಾಧನೆ, ಬುಧವಾರ ಸಂಜೆ ಮನೆ ಪ್ರಾರ್ಥನೆ. ಮನೆ ಪ್ರಾರ್ಥನೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಎರಡು ಹಾಡು, ನಮ್ಮ ಪಾಸ್ಟರ್ ಅಯ್ಯನವರ ನಾಲ್ಕು ಮಾತು, ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥನೆ, ಕೊನೆಗೆ ತಿಂಡಿ, ಟೀ.

ಆ ಬಾಯಿಬಿಟ್ಟು ಮಾಡುವ ಪ್ರಾರ್ಥನೆಯನ್ನು ನೀವು ಒಮ್ಮೆ ಕೇಳಬೇಕು. "ಕರ್ತನೇ, ಆ ಮೂಲೆ ಮನೆ ಕುಟುಂಬನ ಮುಟ್ಟಪ್ಪಾ. ಆ ಮನೆ ಮಗನ ಕುಡಿತ ಬಿಡಿಸಪ್ಪಾ. ಮೊನ್ನೆ ದೇವನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಅವನು ಬಿದ್ದಿದ್ದು ನಿನಗೆ ಗೊತ್ತಪ್ಪಾ." ದೇವರಿಗೆ ಗೊತ್ತಿದ್ದ ಮೇಲೆ ಮತ್ತೆ ಹೇಳುವುದೇಕೆ? ಗೊತ್ತಿಲ್ಲದಿದ್ದದ್ದು ಸುತ್ತ ಕೂತವರಿಗೆ. ಅವರು ಕಣ್ಣು ಮುಚ್ಚಿಕೊಂಡೇ ಕಿವಿ ನೆಟ್ಟಗೆ ಮಾಡಿಕೊಂಡು "ಸ್ತೋತ್ರ, ಸ್ತೋತ್ರ" ಅನ್ನುತ್ತಾರೆ. ಇದೇ ಮಾತನ್ನು ನಲ್ಲಿಯ ಹತ್ತಿರ ಆಡಿದರೆ ಚಾಡಿ. ಚಾಪೆಯ ಮೇಲೆ ಆಡಿ ಕೊನೆಗೊಂದು ಆಮೆನ್ ಸೇರಿಸಿದರೆ, ಆಹಾ, ಎಷ್ಟು ಭಾರ ಹೊತ್ತು ಪ್ರಾರ್ಥನೆ ಮಾಡಿದರು!

ಇದರಲ್ಲಿ ಎತ್ತಿದ ಕೈ ನಮ್ಮ ಸ್ತ್ರೀ ಸಂಘದ ಹಿರಿಯಾಕೆಯದು. ಎಲ್ಲರೂ ಸಂಘದಕ್ಕ ಎಂದೇ ಕರೆಯುವುದು. ಪ್ರಾರ್ಥನೆಗೆ ನಿಂತರೆ ಆಕೆಯ ಸ್ವರ ನಡುಗುತ್ತದೆ, ಕಣ್ಣಲ್ಲಿ ನೀರು ತನ್ನಷ್ಟಕ್ಕೆ ಬರುತ್ತದೆ. ಟೀ ಲೋಟ ಕೈಗೆ ಬರುವಷ್ಟರಲ್ಲಿ ಸ್ವರ ಸರಿಹೋಗಿರುತ್ತದೆ.

ನನ್ನ ಸಿಟ್ಟು ಹುಟ್ಟಿದ್ದು ನನ್ನ ವಾರಗಿತ್ತಿಯ ವಿಷಯದಲ್ಲಿ. ವಾರಗಿತ್ತಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಮೈದುನ ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳಿಲ್ಲ. ಊರಿನ ಇನ್ನೊಂದು ತುದಿಯ ಓಣಿಯಲ್ಲಿ ಬಾಡಿಗೆ ಮನೆ, ಅವಳ ಜೊತೆಗೆ ನಮ್ಮ ಅತ್ತೆ. ಅತ್ತೆಯ ಎರಡೂ ಮಂಡಿ ಹೋಗಿವೆ. ನಮ್ಮ ಮನೆ ಮಹಡಿಯ ಮೇಲೆ, ಮೆಟ್ಟಿಲು ಹತ್ತಲಾಗದು, ಅದಕ್ಕೇ ಅವರು ಅಲ್ಲಿ ಉಳಿದರು. ಹಗಲು ಹೊತ್ತು ಪಕ್ಕದ ಮನೆಯಾಕೆ ಒಂದೆರಡು ಸಲ ಇಣುಕಿ ನೋಡಿ, ಬೇಕಾದ್ದು ಕೊಟ್ಟು ಹೋಗುತ್ತಾಳೆ. ಚರ್ಚಿನವರೆಗೆ ನಡೆಯುವ ಮಾತೇ ಇಲ್ಲ. ಸರದಿಯಲ್ಲಿ ಆ ಮನೆಗೆ ಬುಧವಾರದ ಪ್ರಾರ್ಥನೆ ಬಂದರೆ ಅದೇ ಅತ್ತೆಗೆ ಚರ್ಚು, ಅದೇ ಹಬ್ಬ. ಜನ ಸೇರಿ ಹಾಡುವುದನ್ನು ಕೇಳಲು ಅವರಿಗೆ ಬೇರೆ ದಾರಿಯಿಲ್ಲ.

ವಾರಗಿತ್ತಿ ಬೂದಿಗೆರೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಬಸ್ಸು ಹತ್ತಿ, ದೇವನಹಳ್ಳಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಹೋಗಬೇಕು. ಅಲ್ಲಿ ಜಮೀನ್ದಾರರ ಹಳೇ ಮನೆಯೊಂದಿದೆ. ಹೊಲ ಎಲ್ಲ ಲೇಔಟ್ ಆಗಿದೆ, ಮನೆ ಮಾತ್ರ ಹಾಗೇ ಇದೆ. ಆ ಮನೆಯ ಅಜ್ಜಿಯನ್ನು ನೋಡಿಕೊಳ್ಳುವುದು ಇವಳ ಕೆಲಸ. ಅಜ್ಜಿಗೆ ಮರೆವು. ಸ್ನಾನ ಮಾಡಿಸಬೇಕು, ತುತ್ತು ಮಾಡಿ ತಿನ್ನಿಸಬೇಕು. ಇವಳನ್ನು ಅಜ್ಜಿ ತನ್ನ ತೀರಿಹೋದ ಮಗಳು ಎಂದೇ ತಿಳಿದಿದ್ದಾರೆ.

ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ತಂದು ನನ್ನ ಮುಂದೆ ಸುರಿದವರು ನಮ್ಮ ಸಭೆಯ ಹೆಂಗಸರು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಅಳತೆ ಕೊಡಲು ಬಂದವಳೊಬ್ಬಳು ಟೇಪು ಮೈಮೇಲಿರುವಾಗಲೇ ಶುರುಮಾಡಿದಳು. "ಅಲ್ಲಾ ಅಕ್ಕ, ನಿಮ್ಮ ವಾರಗಿತ್ತಿ ಹಣೆಗೆ ಇಷ್ಟಗಲ ಕುಂಕುಮ ಇಟ್ಕೊಂಡು ಬಸ್ಸಿಂದ ಇಳಿತಾರಂತೆ. ಗಂಡ ಇಲ್ದೋರು ಯಾರಿಗೋಸ್ಕರ ಇಟ್ಕೊಳ್ತಾರೆ? ಬೂದಿಗೆರೇಲಿ ಯಾರೋ ಇದ್ದಾರೆ ಅಂತ ಎಲ್ಲಾ ಮಾತಾಡ್ಕೊಳ್ತಾರೆ. ಪ್ರಾರ್ಥನೆ ಮಾಡ್ಕೊಳಿ ಅಕ್ಕ."

ಟೇಪನ್ನು ಅವಳ ಕುತ್ತಿಗೆಗೆ ಬಿಗಿಯಬೇಕು ಅನ್ನಿಸಿತು. ಬಿಗಿಯಲಿಲ್ಲ, ಅಳತೆ ಬರೆದುಕೊಂಡು ಕಳಿಸಿದೆ. ಅಂದು ಸಂಜೆ ವಾರಗಿತ್ತಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಅವಳು ನಕ್ಕಳು.

"ಆ ಅಜ್ಜಿ ಇಡ್ತಾರೆ ಅಕ್ಕ. ನಾನು ಹೊರಡೋ ಹೊತ್ತಿಗೆ ಕರೆದು, 'ಬರೀ ಹಣೇಲಿ ಮನೆ ಬಿಟ್ಟು ಹೋಗ್ಬಾರ್ದು ಕಣೇ ಮಗಳೇ' ಅಂತ ನಡುಗೋ ಕೈಲಿ ಇಡ್ತಾರೆ. ಮೊದಮೊದಲು ಗೇಟ್ ದಾಟಿದ ತಕ್ಷಣ ಒರೆಸ್ಕೊಳ್ತಿದ್ದೆ. ಒಂದಿನ ಕಿಟಕೀಲಿ ನೋಡ್ಬಿಟ್ರು. ಮಾರನೇ ದಿನ ಒಂದು ತುತ್ತೂ ತಿನ್ನಲಿಲ್ಲ, ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಎಲ್ಲಾ ಮರೀತಾರೆ, ಅದನ್ನ ಮಾತ್ರ ಮರೀಲಿಲ್ಲ ನೋಡಿ. ಆಮೇಲಿಂದ ನಾನು ಒರೆಸೋಕೆ ಹೋಗಿಲ್ಲ. ಮನೆಗೆ ಬಂದು ಮುಖ ತೊಳೆಯೋವಾಗ ಹೋಗುತ್ತೆ."

ಇಷ್ಟೇ. ಒಬ್ಬ ಮುದುಕಿ ಊಟ ಮಾಡಲಿ ಎಂದು ಒಬ್ಬ ಹೆಂಗಸು ಹಣೆಯ ಮೇಲಿನ ಕುಂಕುಮವನ್ನು ಮನೆಯವರೆಗೆ ತಂದಳು. ಕುಂಕುಮ ಇಡುವುದು ಅನ್ಯರ ಆಚಾರ, ನಮಗೆ ಬೇಡ ಎಂದು ಭಾನುವಾರ ಭಾನುವಾರ ಹೇಳುವವರು, ಗಂಡ ಸತ್ತವಳು ಕುಂಕುಮ ಇಡಬಾರದು ಎಂಬ ಆಚಾರವನ್ನು ಯಾರಿಂದ ಕಲಿತು ಬಂದರು? ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಅವಳಿಗೆ ಎರಡು ಕಡೆಯಿಂದಲೂ ಹೊಡೆದರಲ್ಲ, ಅದಕ್ಕೆ ನನಗೆ ಸಿಟ್ಟು.

ನಾನು ಸಿಕ್ಕವರಿಗೆಲ್ಲ ನಿಜ ಹೇಳಿದೆ. "ಹೌದಾ? ಪಾಪ" ಅಂದರು. ಬೆನ್ನು ತಿರುಗಿಸಿದ ಮೇಲೆ, ವಾರಗಿತ್ತಿ ತಾನೇ, ಬಿಟ್ಟುಕೊಡುತ್ತಾಳಾ, ಅಂದರಂತೆ.

ಆ ತಿಂಗಳಲ್ಲಿ ಅವಳ ಮನೆಗೆ ಪ್ರಾರ್ಥನೆಯ ಸರದಿ ಇತ್ತು. ಆ ಬುಧವಾರ ಮಧ್ಯಾಹ್ನ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಸಂಘದಕ್ಕನಿಂದ ಮೆಸೇಜು ಬಂತು. ಇವತ್ತಿನ ಕೂಟ ನಮ್ಮ ಮನೆಯಲ್ಲಿ, ಎಲ್ಲರೂ ಬನ್ನಿ. ಮಿಷನ್ ತುಳಿಯುತ್ತಲೇ ನೋಡಿದೆ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತಿದ್ದರು, ನಾನೂ ಒತ್ತಿದೆ. ಸರದಿ ಯಾಕೆ ಬದಲಾಯಿತು ಎಂದು ಕೇಳಬೇಕು ಅನ್ನಿಸಲಿಲ್ಲ. ವಾರಗಿತ್ತಿಗೆ ಬಸ್ಸು ತಡವಾಗುತ್ತದೆ ಎಂದು ಅವಳೇ ಬೇಡ ಅಂದಿರಬೇಕು ಎಂದುಕೊಂಡೆ. ಅವಳದು ಬಟನ್ ಫೋನು, ಅವಳು ಗ್ರೂಪಿನಲ್ಲಿಲ್ಲ.

ಸಂಘದಕ್ಕನ ಮನೆಯಲ್ಲಿ ಅಂದು ಪ್ರಾರ್ಥನೆ ಚೆನ್ನಾಗಿ ಕಾವೇರಿತು. "ಕರ್ತನೇ, ನಮ್ಮೊಳಗೆ ಹಿಂಜಾರಿದ ಒಬ್ಬ ಮಗಳಿದ್ದಾಳಪ್ಪಾ. ಗಂಡನ್ನ ಕಳ್ಕೊಂಡ ಮಗಳು. ದೂರದೂರಿಗೆ ಹೋಗಿ ಲೋಕದ ಗುರುತನ್ನ ಹಣೆ ಮೇಲೆ ಹೊತ್ಕೊಂಡು ಬರ್ತಾಳಪ್ಪಾ." ಹೆಸರೊಂದು ಬಿಟ್ಟು ಎಲ್ಲವೂ ಇತ್ತು. ನನ್ನ ಪಕ್ಕದಲ್ಲೇ ಕೂತವರು "ಸ್ತೋತ್ರ" ಅಂದರು. ನನ್ನ ಕಿವಿ ಬಿಸಿಯಾಯಿತು, ಎದ್ದು ಹೋಗಬೇಕು ಅನ್ನಿಸಿತು. ಪ್ರಾರ್ಥನೆಯ ನಡುವೆ ಏಳಬಾರದಲ್ಲ, ಕೂತೆ. ಆಮೇಲೆ ಉಪ್ಪಿಟ್ಟು ಕೊಟ್ಟರು, ತಿಂದೆ.

ಮಾರನೇ ದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ದಾರಿಯಲ್ಲಿ ವಾರಗಿತ್ತಿ ನಮ್ಮ ಮನೆಯ ಕೆಳಗೆ ನಿಂತು ಕೂಗಿದಳು. ಕೈಯಲ್ಲೊಂದು ಡಬ್ಬಿ. "ಅವರೆಕಾಳು ಉಸ್ಲಿ ಮಿಕ್ಕೋಗಿದೆ ಅಕ್ಕ, ಕೆಡುತ್ತೆ, ನೀವು ತಿನ್ನಿ" ಅಂದಳು. ನಿನ್ನೆ ಅರ್ಧ ದಿನಕ್ಕೆ ರಜ ಕೇಳಿಕೊಂಡು ಬಂದಿದ್ದಳಂತೆ. ಪಕ್ಕದ ಮನೆಯಿಂದ ಚಾಪೆ, ಲೋಟ ತಂದು, ಮನೆ ಒರೆಸಿ, ಉಸ್ಲಿ ಮಾಡಿಟ್ಟು ಕಾದಿದ್ದಳಂತೆ. ಅತ್ತೆ ಬಿಳಿ ಸೀರೆ ಉಟ್ಟು, ಹಾಡಿನ ಪುಸ್ತಕ ಹಿಡಿದು, ಓಣಿಯಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ "ಬಂದ್ರಾ?" ಎಂದು ಕೇಳಿದರಂತೆ. ಕೊನೆಗೆ ಇವಳು ಅಯ್ಯನವರಿಗೆ ಫೋನ್ ಮಾಡಿದರೆ, "ನೀವು ಬೇಡ ಅಂದ್ರಿ ಅಂತ ಸಂಘದವರು ಹೇಳಿದ್ರಲ್ಲಮ್ಮ" ಅಂದರಂತೆ.

"ಅತ್ತೆಗೆ ಏನು ಹೇಳಿದೆ?"

"ಅಯ್ಯನೋರಿಗೆ ಜ್ವರ ಅಂದೆ. ಅತ್ತೆ ಆ ಸೀರೇಲೇ ಮಲಗಿಬಿಟ್ರು." ಅಷ್ಟು ಹೇಳಿ ಅವಳು ಬಸ್ಸಿಗೆ ಓಡಿದಳು.

ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದೆ. ನನಗೆ ಬಂದ ಸಿಟ್ಟಿಗೆ ಅಳತೆಯಿಲ್ಲ. ಸುಳ್ಳು ಹೇಳಿ ಸರದಿ ತಪ್ಪಿಸಿ, ಆಮೇಲೆ ಅವಳಿಗಾಗಿ ಕಣ್ಣೀರಿಟ್ಟರಲ್ಲ, ನಾಚಿಕೆಯಾದರೂ ಬೇಡವೇ! ಯಾರದೇ ಪಾಪವನ್ನು ತೂಕಕ್ಕೆ ಹಾಕುವ ಮೊದಲು ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ ಎಂದು ಅಯ್ಯನವರು ಎಷ್ಟು ಸಲ ಹೇಳಿಲ್ಲ? ಹೇಳುತ್ತಾರೆ, ಇವರು ಕೇಳುತ್ತಾರೆ, ಕೇಳುತ್ತಲೇ ಪಕ್ಕದವಳ ಕೈ ನೋಡುತ್ತಾರೆ. ಆ ವಾರವಿಡೀ ನಾನು ಹೊಲಿದ ರವಿಕೆಗಳನ್ನು ಮತ್ತೆ ಬಿಚ್ಚಿ ಹೊಲಿಯಬೇಕಾಯಿತು. ಮಿಷನ್ ತುಳಿದದ್ದೆಲ್ಲ ಅವರ ಮೇಲಿನ ಕೋಪಕ್ಕೆ.

ಮುಂದಿನ ಬುಧವಾರ ಕೂಟ ಅಯ್ಯನವರ ಮನೆಯಲ್ಲೇ ಇತ್ತು. ಬಾಯಿಬಿಟ್ಟು ಪ್ರಾರ್ಥಿಸುವ ಹೊತ್ತು ಬಂದಾಗ ಎಲ್ಲರಿಗಿಂತ ಮೊದಲು ನಾನು ಶುರುಮಾಡಿದೆ.

"ಕರ್ತನೇ, ಸುಳ್ಳು ಹೇಳಿ ಒಂದು ಮನೆಗೆ ಪ್ರಾರ್ಥನೆ ತಪ್ಪಿಸಿದೋರನ್ನ ಮುಟ್ಟಪ್ಪಾ. ನಡೆಯೋಕಾಗದ ಮುದುಕಿ ಬಿಳಿ ಸೀರೆ ಉಟ್ಕೊಂಡು ಕಾದಿದ್ದನ್ನ ಅವರಿಗೆ ತೋರಿಸಪ್ಪಾ. ಇನ್ನೊಬ್ಬರ ಮಾನ ಹರಾಜು ಹಾಕೋ ನಾಲಿಗೇನ ಮುಟ್ಟಪ್ಪಾ."

ಅಭ್ಯಾಸಬಲ ನೋಡಿ, ಹಿಂದೆ ಕೂತವರು "ಸ್ತೋತ್ರ, ಸ್ತೋತ್ರ" ಅಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ಆಗಲೇ ರುಚಿ ಹಿಡಿದಿತ್ತು.

"ತಮ್ಮ ಮನೆ ಮಗಳು ಗಂಡನ್ನ ಬಿಟ್ಟು ಹೊಸಕೋಟೇಲಿ ಯಾರ ಜೊತೆ ಇದ್ದಾಳೆ ಅಂತ ನಾವ್ಯಾರೂ ಕೇಳಲಿಲ್ಲ, ಅವರ ಮನೆಗೆ ಪ್ರಾರ್ಥನೆ ನಿಲ್ಲಿಸಲಿಲ್ಲ ಅನ್ನೋದನ್ನ ನೆನಪು ಮಾಡಪ್ಪಾ. ಆಮೆನ್."

ಈ ಸಲ ಯಾರೂ ಸ್ತೋತ್ರ ಅನ್ನಲಿಲ್ಲ. ಕಣ್ಣು ತೆರೆದೆ. ಎಲ್ಲರೂ ಸಂಘದಕ್ಕನನ್ನು ನೋಡುತ್ತಿದ್ದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮಗಳ ಆ ವಿಷಯ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ಒಮ್ಮೆ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು, ಎದೆ ಬಡಿದುಕೊಂಡು ಅತ್ತು, ಯಾರಿಗೂ ಹೇಳಬೇಡ ಎಂದು ನನ್ನೊಬ್ಬಳಿಗೆ ಹೇಳಿದ್ದು. ಟೀ ಕುಡಿಯದೆ ಎದ್ದು ಹೋದಳು.

ಆಗ ನನಗೆ ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಆಯಿತು ಅನ್ನಿಸಿತು. ಅಯ್ಯನವರು ತಲೆ ತಗ್ಗಿಸಿಕೊಂಡು, ಮುಂದಿನ ಬುಧವಾರ ಕೂಟ ಬೇರೆಲ್ಲೂ ಅಲ್ಲ, ನಿಮ್ಮ ವಾರಗಿತ್ತಿಯ ಮನೆಯಲ್ಲೇ, ಎಂದು ಹೇಳಿದಾಗಲಂತೂ ಗೆದ್ದೆ ಅನ್ನಿಸಿತು. ಅಂದು ಮನೆಗೆ ಬರುವಾಗ ಹಾಡು ಗುನುಗಿಕೊಂಡು ಬಂದೆ.

ಸುದ್ದಿ ಹೇಳಲು ವಾರಗಿತ್ತಿಗೆ ಫೋನ್ ಮಾಡಿದೆ. ಅವಳಿಗೆ ಆಗಲೇ ತಿಳಿದಿತ್ತು. "ನನ್ನ ಪರ ಮಾತಾಡಿದ್ರಂತೆ" ಅಂದಳು. ಆಮೇಲೆ, "ಆ ಹುಡುಗಿ ವಿಷ್ಯ ಯಾಕೆ ಎತ್ತಿದ್ರಿ ಅಕ್ಕ?" ಎಂದು ಕೇಳಿದಳು. ನಿನಗೋಸ್ಕರ ಕಣೇ ಎಂದು ರೇಗಿ ಫೋನ್ ಇಟ್ಟೆ. ಯಾರಿಗಾಗಿ ಜಗಳಕ್ಕೆ ನಿಂತೆನೋ ಅವಳೇ ಹೀಗೆ ಕೇಳಿದರೆ ಕೋಪ ಬಾರದೆ ಇರುತ್ತದೆಯೇ?

ಬುಧವಾರ ಬಂತು. ನಾಲ್ಕು ಗಂಟೆಗೇ ನಾನು ಆ ಮನೆಗೆ ಹೋದೆ. ನಮ್ಮ ಮನೆಯಿಂದ ಚಾಪೆ, ದೊಡ್ಡ ಪಾತ್ರೆ ಹೊತ್ತುಕೊಂಡು ಹೋದೆ. ಅಂದು ಒಂದು ಕೊರತೆಯೂ ಕಾಣಬಾರದು, ಯಾರ ಬಾಯಿಗೂ ಒಂದು ಮಾತು ಸಿಗಬಾರದು ಎಂಬುದೇ ನನ್ನ ತಲೆಯಲ್ಲಿ. ಪಕ್ಕದ ಮನೆಯಾಕೆ ಅತ್ತೆಗೆ ಕಾಫಿ ಕೊಡುತ್ತಿದ್ದಳು. ನನ್ನನ್ನು ನೋಡಿ, ಯಾರು ಎಂದು ಅತ್ತೆಯನ್ನು ಕೇಳಿದಳು. "ನನ್ನ ದೊಡ್ಡ ಸೊಸೆ" ಅಂದರು ಅತ್ತೆ. ಓ, ಎಂದು ಆಕೆ ಲೋಟ ತೆಗೆದುಕೊಂಡು ಹೋದಳು. ಅತ್ತೆ ಬಿಳಿ ಸೀರೆ ಉಟ್ಟಾಗಿತ್ತು. ಹೋದ ಸಲದ ಸುಕ್ಕು ಹಾಗೇ ಇತ್ತು.

ವಾರಗಿತ್ತಿಯ ಸುಳಿವಿಲ್ಲ. ಮತ್ತೆ ರಜ ಕೊಡಲಿಲ್ಲವಂತೆ. ಚಾಪೆ ಹಾಸಿದೆ, ಉಪ್ಪಿಟ್ಟು ತಿರುವಿದೆ, ಬಾಗಿಲಿಗೂ ಒಲೆಗೂ ಓಡಾಡಿದೆ. ಕೊನೆಗೆ ಓಣಿಯ ತಿರುವಿನಲ್ಲಿ ಅವಳು ಕಾಣಿಸಿದಳು, ಬೇಗಬೇಗ ನಡೆದು ಬರುತ್ತಿದ್ದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಅಯ್ಯನವರು, ಸಭೆಯ ನಾಲ್ಕಾರು ಜನ, ಎಲ್ಲರಿಗಿಂತ ಹಿಂದೆ ಸಂಘದಕ್ಕ. ಆಕೆ ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

ವಾರಗಿತ್ತಿ ಒಳಗೆ ಬಂದಳು. ಹಣೆಯ ಮೇಲೆ ಕುಂಕುಮ. ಅಜ್ಜಿಯ ಕೈ ನಡುಗಿದ್ದಕ್ಕೋ ಏನೋ ಒಂದು ಕಡೆಗೆ ಓರೆಯಾಗಿ ಎಳೆದಿತ್ತು. ನಾನು ಕೇಳಿದ್ದು ಮಾತ್ರ, ಕಣ್ಣಾರೆ ನೋಡಿದ್ದು ಅದೇ ಮೊದಲು. ನೋಡಿದ ಕೂಡಲೇ ನನಗೆ ಏನಾಯಿತೋ, "ಅಯ್ಯೋ, ಒರೆಸ್ಕೊಳೇ! ಬಂದೇಬಿಟ್ರು ಎಲ್ಲಾ! ಇವತ್ತಾದ್ರೂ ಒರೆಸ್ಕೊಂಡು ಬರ್ಬಾರ್ದಿತ್ತಾ?" ಎಂದು ಅವಳ ಭುಜ ಹಿಡಿದೆ. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಅವಳ ಹಣೆ ಉಜ್ಜಿದೆ. ಪುಟ್ಟ ಮಗುವಿನ ಮುಖ ಒರೆಸುವ ಹಾಗೆ ಗಟ್ಟಿಯಾಗಿ ಉಜ್ಜಿದೆ.

ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ತಳ್ಳಲಿಲ್ಲ. "ನೀವೂನಾ ಅಕ್ಕ?" ಅಂದಳು.

ಮಂಚದಿಂದ ಅತ್ತೆ ಹೇಳಿದರು: "ಯಾಕವ್ವ ಒರೆಸ್ತೀಯ? ದಿನಾ ಅವಳು ಹಂಗೇ ಬರ್ತಾಳೆ. ನೀನೂ ದಿನಾ ಬಂದಿದ್ರೆ ನಿಂಗೂ ರೂಢಿ ಆಗಿರೋದು."

ಅವರ ಸ್ವರದಲ್ಲಿ ಕೊಂಕಿರಲಿಲ್ಲ. ಬಟ್ಟೆ ಒಣಗಿತಾ ಎಂದು ಕೇಳುವ ಸ್ವರದಲ್ಲೇ ಹೇಳಿದರು. ಮೈದುನ ತೀರಿಕೊಂಡ ಮೇಲೆ ನಾನು ಆ ಮನೆಗೆ ಬಂದದ್ದು ಪ್ರಾರ್ಥನೆಯ ಸರದಿ ಇದ್ದಾಗ ಮಾತ್ರ, ಎಲ್ಲರ ಜೊತೆ ಬಂದು ಎಲ್ಲರ ಜೊತೆ ಎದ್ದು ಹೋದದ್ದು. ಅತ್ತೆಗೆ ನಮ್ಮ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ನಿಜ. ನನಗೆ ಇಳಿಯಲು ಏನಾಗಿತ್ತು?

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಎಲ್ಲರೂ ಬಂದು ಕೂತರು. ವಾರಗಿತ್ತಿ ಮುಖ ತೊಳೆಯಲು ಹೋಗಲಿಲ್ಲ. ನಾನು ಉಜ್ಜಿದ್ದರಿಂದ ಕುಂಕುಮ ಹಣೆಯ ತುಂಬ ಹರಡಿ, ಮೊದಲಿಗಿಂತ ಹೆಚ್ಚು ಕಾಣುತ್ತಿತ್ತು. ಹಾಗೆಯೇ ಅತ್ತೆಯ ಮಂಚದ ಪಕ್ಕ ಕೂತಳು. ಸಂಘದಕ್ಕ ಬಾಗಿಲ ಹತ್ತಿರವೇ ಗೋಡೆಗೆ ಒರಗಿ ಕೂತಳು. ಕಣ್ಣು ಊದಿತ್ತು. ಆಕೆ ವಾರಗಿತ್ತಿಯ ಹಣೆ ನೋಡಲಿಲ್ಲ. ನನ್ನ ಸೆರಗಿನ ತುದಿಯ ಕೆಂಪನ್ನು ನೋಡಿದಳು, ನನ್ನ ಮುಖ ನೋಡಿದಳು, ತಲೆ ತಗ್ಗಿಸಿದಳು. ಏನು ನೋಡ್ತೀಯ ಎಂದು ಕೂಗಬೇಕು ಅನ್ನುವಷ್ಟು ಸಿಟ್ಟು ಬಂತು. ಆ ಸಿಟ್ಟು ಆಕೆಯ ಮೇಲಿನದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಇನ್ನೂ ಹೆಚ್ಚು ಬಂತು.

ಹಾಡು ಮುಗಿಯಿತು. ಅತ್ತೆ ಪುಸ್ತಕ ತೆರೆಯದೆಯೇ ಎಲ್ಲ ಚರಣಗಳನ್ನೂ ಹಾಡಿದರು. ಅಯ್ಯನವರು ನನ್ನ ಕಡೆ ತಿರುಗಿ, "ಈ ಮನೆಗೋಸ್ಕರ ಭಾರ ಹೊತ್ತವರು ನೀವು, ಪ್ರಾರ್ಥನೆ ನೀವೇ ಶುರು ಮಾಡಿ" ಅಂದರು. ಎಲ್ಲರೂ ಕಣ್ಣು ಮುಚ್ಚಿದರು.

"ಕರ್ತನೇ" ಅಂದೆ. ಮುಂದಕ್ಕೆ ಮಾತು ಹೊರಡಲಿಲ್ಲ. ಯಾರನ್ನು ಮುಟ್ಟು ಎಂದು ಕೇಳಲಿ? ಯಾರ ನಾಲಿಗೆ, ಯಾರ ಮನೆ, ಯಾರ ಮಗಳು? ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಗೆ ಇನ್ನೊಬ್ಬರ ವಿಷಯ ಬರಲಿಲ್ಲ, ಅದು ಬರದಿದ್ದರೆ ನನ್ನ ಹತ್ತಿರ ಪ್ರಾರ್ಥನೆಯೇ ಇರಲಿಲ್ಲ. ಕೆಂಪಾದ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತೆ. ಒಲೆಯ ಮೇಲೆ ಟೀ ಕುದಿಯುವ ಸದ್ದು ಕೇಳುತ್ತಿತ್ತು.

ಬಹಳ ಹೊತ್ತಾದ ಮೇಲೆ ಬಾಗಿಲ ಹತ್ತಿರದಿಂದ ಸಂಘದಕ್ಕ ಮೆಲ್ಲಗೆ "ಆಮೆನ್" ಅಂದಳು. ಮುಗಿಯಿತು ಎಂದುಕೊಂಡು ಉಳಿದವರೂ ಆಮೆನ್ ಅಂದು ಕಣ್ಣು ತೆರೆದರು.

ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. "ಇನ್ನೂ ಶುರುವೇ ಆಗಿಲ್ವಲ್ಲವ್ವ" ಅಂದರು.